ಕರಿ ಎಣ್ಣೆ ಪಕ್ಕೀರಮ್ಮ ಮತ್ತು ನಾಲ್ಕು ಗಾಲಿಯ ಬೈಕು

ಕೊಟ್ಟೂರಿನಲ್ಲಿ ಪಕ್ಕೀರಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಪಕ್ಕೀರಮ್ಮ ಎಂಬ ಮರುಪ್ರಶ್ನೆ ಬರುತ್ತಿತ್ತು. ಕರಿ ಎಣ್ಣೆ ಪಕ್ಕೀರಮ್ಮ ಎಂದರೆ ಮುಗಿಯಿತು, ಕೇಳಿದವರನ್ನು ಮನೆತನಕ ಬಿಟ್ಟು ಬರುವವರೂ ಇದ್ದರು. ಟ್ರ್ಯಾಕ್ಟರು, ಲಾರಿ, ಪಂಪ್‌ಸೆಟ್ಟುಗಳ ಇಂಜಿನ್ನಿನಿಂದ ಇಳಿಸಿದ ಹಳೇ ಆಯಿಲನ್ನು ಗ್ಯಾರೇಜುಗಳಲ್ಲಿ ಕೊಂಡು, ಬೇಕಾದವರಿಗೆ ಮಾರುವುದು ಅವಳ ಕಸುಬು. ಮನೆ ಕಟ್ಟುವ ಸೆಂಟ್ರಿಂಗ್ ಕೆಲಸದವರು ತಗಡಿಗೆ ಬಳಿಯಲು ಒಯ್ಯುತ್ತಿದ್ದರು. ತೊಲೆ ಜಂತಿಗಳಿಗೆ ಗೆದ್ದಲು ಹತ್ತಬಾರದೆಂದು ರೈತರು ಒಯ್ಯುತ್ತಿದ್ದರು. ವಾರದಲ್ಲಿ ಐದು ದಿನ ಅವಳ ಮೊಪೆಡ್ಡು ಎಡಕ್ಕೊಂದು ಬಲಕ್ಕೊಂದು ಕರಿ ಕ್ಯಾನು ತೂಗಿಸಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಂದು ಸುತ್ತುತ್ತಿತ್ತು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ತಲೆಗೆ ಟವೆಲ್ಲು. ದೂರದಿಂದ ನೋಡಿದರೆ ಎರಡು ಎಮ್ಮೆಗರುಗಳ ನಡುವೆ ಒಬ್ಬ ಹೆಂಗಸು ಕೂತು ಹಾರಿ ಬರುತ್ತಿದ್ದಾಳೇನೋ ಅನ್ನಿಸುತ್ತಿತ್ತು.

ಈ ಕಸುಬಿಗೆ ಅವಳು ಬಂದದ್ದು ಒಂದು ಅವಮಾನದಿಂದ. ತೊಂಬತ್ತೊಂದನೇ ಇಸವಿಯ ಮಾತು. ಗಂಡ ಜೋಗಪ್ಪ ಸೆಂಟ್ರಿಂಗ್ ಮೇಸ್ತ್ರಿ. ಕೋಗಳಿಯಲ್ಲಿ ಪಂಚಾಕ್ಷರಪ್ಪ ಎಂಬ ಅಂಗಡಿಕಾರರ ಹೊಸ ಮನೆಗೆ ಮಾಳಿಗೆ ಹಾಕುವ ಕೆಲಸ ಹಿಡಿದಿದ್ದ. ಸಿಮೆಂಟು ತಗಡಿಗೆ ಅಂಟಬಾರದೆಂದು ಮೊದಲು ಹಳೇ ಆಯಿಲ್ ಬಳಿಯಬೇಕು. ಅದನ್ನು ಹಗರಿಬೊಮ್ಮನಹಳ್ಳಿಯ ಒಂದು ಗ್ಯಾರೇಜಿನಿಂದ ಬಸ್ಸಿನ ಮೇಲೆ ಹೇರಿ ತಂದವಳು ಪಕ್ಕೀರಮ್ಮ. ಎರಡು ವಾರ ಬಿಟ್ಟು ತಗಡು ಬಿಚ್ಚಿದರೆ ಅಂಗೈ ಅಗಲದ ಸಿಮೆಂಟಿನ ಚಕ್ಕೆಗಳು ತಗಡಿನ ಜೊತೆಗೇ ಕಿತ್ತು ಬಂದವು. ಪಂಚಾಕ್ಷರಪ್ಪನವರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಮೇಲೆ ನೋಡಿದರು.

"ಜೋಗಪ್ಪ, ನಮ್ಮ ಮಾಳಿಗಿಗೆ ಸಿಡುಬು ಎದ್ದೈತಲ್ಲಪಾ" ಎಂದರು.

ಗೃಹಪ್ರವೇಶಕ್ಕೆ ಬಂದವರೆಲ್ಲ ಊಟ ಬಿಟ್ಟು ಆ ಸಿಡುಬನ್ನೇ ನೋಡಿಹೋದರು. ಪಕ್ಕೀರಮ್ಮ ಗ್ಯಾರೇಜಿಗೆ ಹೋಗಿ ಕೇಳಿದರೆ ಅದರ ಮಾಲೀಕ, "ಎಣ್ಣಿ ಎಣ್ಣೀನ ಇತ್ತು. ನಿಮ್ಮ ಸಿಮೆಂಟ್ ಸರಿ ಇಲ್ಲ ನೋಡು" ಎಂದು ಬೆನ್ನು ತಿರುಗಿಸಿದ. ಮಾಳಿಗೆಯ ಸಿಡುಬಿಗಿಂತ ಆ ತಿರುಗಿದ ಬೆನ್ನೇ ಅವಳನ್ನು ಹೆಚ್ಚು ಸುಟ್ಟಿತು. ಎರಡು ದಿನ ಕಳೆದು ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವಾಗ, ತೊಳೆದ ಮೆಣಸಿನಕಾಯಿಯಿಂದ ನೀರು ತೊಟ್ಟಿಕ್ಕಿ ಬಾಣಲೆ ಚಟಚಟ ಸಿಡಿಯಿತು. ಪಕ್ಕೀರಮ್ಮ ಬಜ್ಜಿ ಅಲ್ಲಿಗೇ ಬಿಟ್ಟು, ಕ್ಯಾನಿನ ತಳದಲ್ಲಿ ಉಳಿದಿದ್ದ ಕರಿ ಎಣ್ಣೆಯನ್ನು ನಾಲ್ಕು ಹನಿ ಒಗ್ಗರಣೆ ಸೌಟಿಗೆ ಬಿಟ್ಟು ಒಲೆಯ ಮೇಲೆ ಹಿಡಿದಳು. ಸೌಟು ಬಜ್ಜಿಯ ಬಾಣಲೆಗಿಂತ ಜೋರಾಗಿ ಸಿಡಿಯಿತು. ಮರುದಿನ ಸೌಟು ಹಿಡಿದು ಗ್ಯಾರೇಜಿಗೆ ಹೋಗಿ, ಹತ್ತು ಗಿರಾಕಿಗಳ ಎದುರಿಗೆ ಸಿಡಿಸಿ ತೋರಿಸಿದಳು. ಗ್ಯಾರೇಜಿನವನ ಮುಖ ಅವನ ಎಣ್ಣೆಗಿಂತ ಕಪ್ಪಾಯಿತು. ಸೆಂಟ್ರಿಂಗ್ ಕೆಲಸದ ಉಳಿದ ಮೇಸ್ತ್ರಿಗಳು, "ಯಕ್ಕಾ, ನಮಗೂ ನೀನ ತಂದುಕೊಡು" ಎಂದು ಬೆನ್ನು ಹತ್ತಿದರು.

ಹದಿನೈದು ವರ್ಷದಲ್ಲಿ ಅವಳ ಮೂಗು ಸೌಟಿಗಿಂತ ಚುರುಕಾಯಿತು. ಹೆಬ್ಬೆರಳು ತೋರುಬೆರಳ ನಡುವೆ ಎಣ್ಣೆ ತಿಕ್ಕಿ, ಮೂಗಿನ ಹತ್ತಿರ ಒಯ್ದು, "ಈ ಗಾಡಿಗೆ ಡೀಸಲ್ ಇಳಿಯಾಕತ್ತೈತಿ, ಪಂಪ್ ನೋಡಸ್ರಿ" ಎನ್ನುವಳು. ಗಾಡಿಯ ಮುಖವನ್ನೂ ಅವಳು ನೋಡಿರುತ್ತಿರಲಿಲ್ಲ. ಮೆಕ್ಯಾನಿಕ್ಕುಗಳು ನಗುತ್ತಿದ್ದರು, ಆಮೇಲೆ ಗುಟ್ಟಾಗಿ ಪಂಪು ಬಿಚ್ಚಿ ನೋಡುತ್ತಿದ್ದರು.

ಎಲ್ಲ ಗ್ಯಾರೇಜುಗಳಲ್ಲಿ ಅವಳು ಸೌಟು ತೆಗೆಯದಿದ್ದ ಜಾಗ ಒಂದೇ, ಕೊಟ್ಟೂರಿನ ಕೂಡ್ಲಿಗಿ ರಸ್ತೆಯ ಜಂಬಣ್ಣನ ಗ್ಯಾರೇಜು. ಜಂಬಣ್ಣ ಐವತ್ತರ ಆಸಾಮಿ. ಟ್ರ್ಯಾಕ್ಟರಿನ ಕೆಲಸದಲ್ಲಿ ಎತ್ತಿದ ಕೈ, ಮೂಗಿನ ತುದಿಯಲ್ಲಿ ಸಿಟ್ಟು. ಗಿರಾಕಿ "ಎಷ್ಟೊತ್ತಾಗತೈತ್ರಿ" ಎಂದು ಎರಡು ಸಲ ಕೇಳಿದರೆ ನಟ್ಟು ತಿರುಗಿಸುವ ಪಾನಾ ಅವರ ಕೈಗೇ ಕೊಟ್ಟು ಚಹಾ ಕುಡಿಯಲು ಹೋಗುವವನು. ಆದರೆ ಸುಳ್ಳಿನ ಮನುಷ್ಯನಲ್ಲ. ಅವನ ಡ್ರಮ್ಮಿನ ಎಣ್ಣೆಯನ್ನು ಪಕ್ಕೀರಮ್ಮ ಪ್ರತಿ ಶುಕ್ರವಾರ ಕಣ್ಣು ಮುಚ್ಚಿ ತುಂಬಿಕೊಂಡು ಬರುತ್ತಿದ್ದಳು.

ಎರಡು ಸಾವಿರದ ಆರರಲ್ಲಿ, ಮಳೆಗಾಲ ಮುಗಿದ ಮೇಲಿನ ಒಂದು ಶುಕ್ರವಾರ ಹಾಗೆಯೇ ತುಂಬಿಕೊಳ್ಳಲು ಹೋದಾಗ ಎಣ್ಣೆಯ ಬಣ್ಣ ಅವಳ ಕಣ್ಣಿಗೆ ತಾಗಿತು. ಕರ್ರಗೆ ಸುರಿಯಬೇಕಾದದ್ದು ಕಂದು ಗೆರೆ ಕಟ್ಟಿಕೊಂಡು, ಸ್ವಲ್ಪ ಮಂದವಾಗಿ ಸುರಿಯುತ್ತಿತ್ತು. ಅವಳು ಕ್ಯಾನು ಕೆಳಗಿಟ್ಟು ಚೀಲದಿಂದ ಸೌಟು ತೆಗೆದಳು. ಜಂಬಣ್ಣ ಟ್ರ್ಯಾಕ್ಟರಿನ ಅಡಿಯಿಂದ ತಲೆ ಹೊರಗೆ ಹಾಕಿದ.

"ಏನವಾ ಪಕ್ಕೀರವ್ವ, ನನ್ನ ಎಣ್ಣಿಗೂ ಸೌಟು ತಗದಿ?"

"ಬಣ್ಣ ಯಾಕೋ ಬ್ಯಾರೆ ಕಾಣಾಕತ್ತೈತ್ರಿ. ಸುಮ್ಮನ ನೋಡ್ತೀನಿ."

ಗ್ಯಾರೇಜಿನ ಪಕ್ಕದಲ್ಲೇ ಮೈಲಮ್ಮನ ಚಹಾದಂಗಡಿ. ಅವಳ ಸ್ಟೋವಿನ ಮೇಲೆ ಸೌಟು ಹಿಡಿದದ್ದೇ ತಡ, ಚಟ್ ಎಂದಿತು, ಚಟಚಟ ಎಂದಿತು, ಒಂದು ಹನಿ ಹಾರಿ ಹಾಲಿನ ಪಾತ್ರೆಯ ಪಕ್ಕಕ್ಕೆ ಬಿತ್ತು. ಚಹಾ ಕುಡಿಯುತ್ತ ಕೂತಿದ್ದ ನಾಲ್ಕು ಜನ ತಿರುಗಿ ನೋಡಿದರು. ಜಂಬಣ್ಣ ಎದ್ದು ಬಂದ.

"ಮೂವತ್ತು ವರ್ಷ ಆತು ಗ್ಯಾರೇಜ್ ಇಟ್ಟು. ಕೊಟ್ರಪ್ಪನ ಆಣಿ ಮಾಡಿ ಹೇಳ್ತೀನಿ, ಒಂದು ಹನಿ ನೀರು ಬೆರಸಿಲ್ಲ!"

"ದೇವರನ್ನ ಯಾಕ ಎಬ್ಬಸ್ತೀರಿ? ನೀರು ಐತಿ. ನಿಮ್ಮ ಕಣ್ಣ ಮುಂದ ಸಿಡೀತಲ್ಲ."

"ಹಂಗಾದ್ರ ನಾ ಕಳ್ಳ ಅಂದಂಗಾತು?"

"ನಾ ಹಂಗಂದಿಲ್ರಿ. ಈ ಎಣ್ಣಿ ನಂಗ ಬ್ಯಾಡ ಅಂದೆ, ಅಷ್ಟ."

"ನಿಂಗ ಕೊಡೋರ‍್ಯಾರು? ಆ ಸೌಟಿನ ಜೊತಿಗೇ ವ್ಯಾಪಾರ ಮಾಡು ಹೋಗು!"

ಪಕ್ಕೀರಮ್ಮ ಖಾಲಿ ಕ್ಯಾನು ಕಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಖಾಲಿ ಕ್ಯಾನುಗಳು ಡಬಡಬ ಬಡಿದುಕೊಳ್ಳುತ್ತಿದ್ದವು. ಅವಳಿಗೆ ಜಂಬಣ್ಣನ ಮೇಲೆ ಸಿಟ್ಟಿಗಿಂತ ಕಸಿವಿಸಿ ಹೆಚ್ಚಾಗಿತ್ತು. ಅವನ ಮುಖದಲ್ಲಿ ಕಳ್ಳನ ಕಳೆ ಇರಲಿಲ್ಲ. ಡ್ರಮ್ಮಿನಲ್ಲಿ ನೀರಂತೂ ಇತ್ತು. ಈ ಎರಡನ್ನೂ ಒಟ್ಟಿಗೆ ಕೂಡಿಸುವುದು ಹೇಗೆಂದು ಗೊತ್ತಾಗದೆ ಆ ರಾತ್ರಿ ಗಂಡನಿಗೆ ರೊಟ್ಟಿ ಕೊಟ್ಟು ಪಲ್ಯ ಕೊಡುವುದನ್ನೇ ಮರೆತಳು.

ಅವಳು ಈ ಮಾತನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಮೈಲಮ್ಮನ ಅಂಗಡಿಯಲ್ಲಿ ಚಹಾ ಕುಡಿದವರು ಆ ಕೆಲಸ ಮಾಡಿದರು. ಸೋಮವಾರ ಹರಪನಹಳ್ಳಿಗೆ ಹೋದರೆ ಅಲ್ಲಿಯ ಮೆಕ್ಯಾನಿಕ್ಕು, "ಜಂಬಣ್ಣ ಎಣ್ಣಿ ಡ್ರಮ್ಮಿಗೆ ನಳದ ಪೈಪ್ ಹಚ್ಚ್ಯಾನಂತೆ, ಹೌದೇನಮ್ಮ?" ಎಂದು ಕೇಳಿದ. ಪಕ್ಕೀರಮ್ಮನಿಗೆ ನಾಚಿಕೆಯಾಯಿತು.

ಬುಧವಾರ ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಹೊಡೆಯುತ್ತಿದ್ದಾಗ ಜಂಬಣ್ಣ ಬಂದ. ಒಬ್ಬನೇ ಅಲ್ಲ. ಬಿಳಿ ಶರ್ಟು ತೊಟ್ಟ, ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಹುಡುಗನ ತೋಳು ಹಿಡಿದುಕೊಂಡು ಬಂದಿದ್ದ. ಪೊಲೀಸರು ಕಳ್ಳನನ್ನು ತಂದ ಹಾಗೆ.

"ಹೇಳಪಾ. ನೀನ ಹೇಳು. ನಾ ಬಾಯಿ ಬಿಚ್ಚಂಗಿಲ್ಲ."

ಹುಡುಗನ ಹೆಸರು ಕ್ರಾಂತಿಕುಮಾರ್. ಹಡಗಲಿಯವನು, ಡಿಪ್ಲೊಮಾ ಓದಿದವನು. ಚಿಗಟೇರಿಯ ಆಚೆಗಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಜೀಪು ಹತ್ತದ ಗುಡ್ಡ ಹತ್ತಲೆಂದು ಕಂಪನಿ ಅವನಿಗೆ ಹೊರದೇಶದ ಒಂದು ನಾಲ್ಕು ಗಾಲಿಯ ಬೈಕು ಕೊಟ್ಟಿತ್ತು. ಸುತ್ತ ಐದು ತಾಲ್ಲೂಕಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದೇ ಅವನ ತಲೆ ಕೆಡಿಸಿತ್ತು.

"ಯಕ್ಕಾ, ಆ ನೀರು ನಂದು" ಎಂದ, ನೆಲ ನೋಡುತ್ತ. "ಮೊನ್ನಿಂದಲ್ಲ, ಅದರ ಹಿಂದಿನ ಭಾನುವಾರ ಹಲವಾಗಲಕ್ಕ ಹೋಗಿದ್ವಿ. ನಮ್ಮ ದೋಸ್ತ ಕ್ಯಾಮೆರಾ ತಂದಿದ್ದ. ಹೊಳ್ಯಾಗ ಗಾಡಿ ಇಳಿಸು, ಫೋಟೊ ಚಂದ ಬರತೈತಿ ಅಂದ."

"ಎಷ್ಟು ಇಳಿಸಿದಿ?"

"ಸೀಟಿನ ಮಟ."

"ಫೋಟೊ ಚಂದ ಬಂತೇನು?"

"ಕ್ಯಾಮೆರಾನ ಹೊಳ್ಯಾಗ ಬಿತ್ತು, ಯಕ್ಕಾ."

ಮರುದಿನ ಎಣ್ಣೆಯ ಮಟ್ಟ ನೋಡುವ ಕಡ್ಡಿ ತೆಗೆದರೆ ಅದಕ್ಕೆ ಹಾಲು ಹೆಚ್ಚಾದ ಚಹಾದಂಥದ್ದು ಅಂಟಿಕೊಂಡಿತ್ತಂತೆ. ಕಂಪನಿಗೆ ತಿಳಿದರೆ ಕೆಲಸಕ್ಕೆ ಕುತ್ತು. ಗುರುವಾರ ಜಂಬಣ್ಣ ಕೂಡ್ಲಿಗಿಗೆ ಮದುವೆಗೆ ಹೋಗಿದ್ದಾಗ, ಪರಿಚಯದ ಗ್ಯಾರೇಜೆಂದು ಬಂದು, ತಾನೇ ಆಯಿಲ್ ಇಳಿಸಿ ಹೊಸದು ತುಂಬಿ, ಇಳಿಸಿದ್ದನ್ನು ಡ್ರಮ್ಮಿಗೆ ಸುರಿದು ಹೋಗಿದ್ದ. ಊರ ಮಾತು ಕಿವಿಗೆ ಬಿದ್ದ ಮೇಲೆ ಜಂಬಣ್ಣನಿಗೆ ನಿಜ ಹೇಳಿದ್ದ.

ಪಕ್ಕೀರಮ್ಮ ಕೊಡ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು ನಕ್ಕಳು. ನಗು ನಿಲ್ಲಲಿಲ್ಲ. ಒಳಗಿದ್ದ ಜೋಗಪ್ಪ ಏನಾಯಿತೆಂದು ಹೊರಗೆ ಬಂದ. ಜಂಬಣ್ಣ ಮೊದಲು ಮುಖ ಬಿಗಿದುಕೊಂಡಿದ್ದವನು ಕೊನೆಗೆ ತಾನೂ ನಕ್ಕ.

"ತಪ್ಪಾತ್ರಿ ಜಂಬಣ್ಣ. ನಿಮ್ಮ ಮ್ಯಾಲೆ ಸಂಶಯ ಪಡಬಾರದಿತ್ತು."

"ಅದು ಇರ್ಲಿ. ನಳದ ಪೈಪ್ ಹಚ್ಚಿದ್ದು ಯಾರು?"

"ಅದು ನಾ ಅಲ್ರಿ. ಮೈಲಮ್ಮನ ಚಹಾ."

ಒಗ್ಗರಣೆ ಮಂಡಕ್ಕಿ ತಿಂದು, ರಾಜಿಯಾಗಿ ಹೋದರು. ವಿಷಯ ಅಲ್ಲಿಗೆ ಮುಗಿಯಿತೆಂದು ಪಕ್ಕೀರಮ್ಮ ತಿಳಿದಳು.

ಹತ್ತು ದಿನಕ್ಕೆ ಜಂಬಣ್ಣನಿಂದ ಕರೆ ಬಂತು. ಸೌಟು ತಗೊಂಡು ಬಾ ಎಂದು ಅವನೇ ಹೇಳಿ ಕಳಿಸಿದ್ದ. ಹೋದರೆ ಗ್ಯಾರೇಜಿನ ಬೇವಿನ ಮರದ ಕೆಳಗೆ ಆ ಗಾಡಿ ನಿಂತಿತ್ತು. ಅವಳು ಅದನ್ನು ನೋಡಿದ್ದು ಅದೇ ಮೊದಲು. ಟ್ರ್ಯಾಕ್ಟರಿಗೂ ಬೈಕಿಗೂ ಹುಟ್ಟಿದ ಕೂಸಿನ ಹಾಗಿತ್ತು. ದಪ್ಪ ದಪ್ಪ ನಾಲ್ಕು ಗಾಲಿ, ನಡುವೆ ಸೀಟು, ಮೈತುಂಬ ಗುಡ್ಡದ ಕೆಂಪು ಮಣ್ಣು. ಅಡಿಯಲ್ಲಿಟ್ಟ ತಗಡಿನ ತಟ್ಟೆಯಲ್ಲಿ ಬೆಳಿಗ್ಗೆ ಇಳಿಸಿದ ಆಯಿಲು. ಅದು ಮತ್ತೆ ಅದೇ ಚಹಾ ಬಣ್ಣಕ್ಕೆ ತಿರುಗಿತ್ತು.

ಜಂಬಣ್ಣ ಕ್ರಾಂತಿಕುಮಾರನ ಮುಂದೆ ಬೆರಳಾಡಿಸುತ್ತಿದ್ದ. "ಮತ್ತ ಹೊಳಿಗೆ ಹೋಗ್ಯಾನ! ನಾ ಕೇಳಿದ್ರ ಇಲ್ಲ ಅಂತಾನ. ಈ ಸಲ ಯಾರ ಕ್ಯಾಮೆರಾ ಮುಳುಗಿಸಿದಿಯೋ?"

"ನಮ್ಮಪ್ಪನಾಣಿ ಅಣ್ಣಾರೆ, ಒಂದು ಹಳ್ಳ ಸೈತ ದಾಟಿಲ್ಲ. ಗುಡ್ಡದಾಗ ನೀರು ಎಲ್ಲಿ ಬರಬೇಕು?"

ಪಕ್ಕೀರಮ್ಮ ಇಬ್ಬರ ಜಗಳವನ್ನೂ ಬಿಟ್ಟು ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ತಟ್ಟೆಯ ಒಂದು ಅಂಚಿನಲ್ಲಿ ಎಣ್ಣೆಯಿಂದ ಬೇರ್ಪಟ್ಟ ನೀರು ತೆಳ್ಳಗೆ ನಿಂತಿತ್ತು. ಬೇವಿನ ಬುಡದಿಂದ ಹೊರಟ ಕೆಂಪಿರುವೆಗಳ ಸಾಲೊಂದು ನೇರವಾಗಿ ಅಲ್ಲಿಗೇ ಬಂದು, ಮದುವೆಯೂಟಕ್ಕೆ ಪಂಕ್ತಿ ಕೂತಂತೆ ಕೂತಿತ್ತು.

"ಕ್ರಾಂತಿ, ನೀ ಹೊಳಿಗೆ ಸಕ್ರಿ ಹಾಕಿದ್ದೇನು?"

"ಏನಂದ್ರಿ ಯಕ್ಕಾ?"

"ಇಲ್ನೋಡು, ಇರಿವಿ. ಹದಿನೈದು ವರ್ಷ ಆತು ನೀರು ಬಿದ್ದ ಎಣ್ಣಿ ನೋಡಾಕತ್ತು. ಇರಿವಿ ಬಂದಿದ್ದು ಎಂದೂ ನೋಡಿಲ್ಲ. ಇದು ಸಿಹಿ ನೀರು."

ಜಂಬಣ್ಣನ ಬೆರಳು ಗಾಳಿಯಲ್ಲೇ ನಿಂತಿತು. ಅವನು ಬಗ್ಗಿ ನೋಡಿದ. ಇಂಜಿನ್ನು ಕಾಯಬಾರದೆಂದು ರೇಡಿಯೇಟರಿಗೆ ತುಂಬುವ ಹಸಿರು ನೀರು ಸಿಹಿಯಾಗಿರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಟ್ರ್ಯಾಕ್ಟರಿಗೆಲ್ಲ ಬಾವಿಯ ನೀರನ್ನೇ ಹಾಕುವ ಊರಿನಲ್ಲಿ ಅದು ನೆನಪಾಗಲು ಇರುವೆಗಳೇ ಬೇಕಾದವು. ಕ್ರಾಂತಿಕುಮಾರ್ ರುಚಿ ನೋಡಲೆಂದು ತಟ್ಟೆಗೆ ಬೆರಳು ಅದ್ದಿಯೇ ಬಿಟ್ಟಿದ್ದ. ಜಂಬಣ್ಣ ಅವನ ಕೈಗೆ ಫಟ್ಟನೆ ಬಾರಿಸಿದ.

"ಲೇ, ಅದು ಇಷ! ಸಿಹಿ ಐತಿ ಅಂತ ನೆಕ್ಕಿದ್ರ ಕಿಡ್ನಿ ಹೋಗ್ತಾವ. ಹೊಸಪೇಟ್ಯಾಗ ನನ್ನ ಕಣ್ಣೆದುರಿಗೆ ಒಂದು ನಾಯಿ ಸತ್ತೈತಿ."

ರೇಡಿಯೇಟರಿನ ಮುಚ್ಚಳ ತೆಗೆದರೆ ನೀರು ಎರಡು ಲೋಟದಷ್ಟು ಕಡಿಮೆಯಿತ್ತು. ಆಗ ಕ್ರಾಂತಿಕುಮಾರ್ ಇನ್ನೊಂದು ಮಾತು ಬಾಯಿ ಬಿಟ್ಟ. ತಿಂಗಳಿಂದ ನಾಲ್ಕು ದಿನಕ್ಕೊಮ್ಮೆ ನೀರು ಇಳಿಯುತ್ತಲೇ ಇತ್ತು, ಬಿಸಿಲಿಗೆ ಆರುತ್ತಿದೆಯೆಂದು ಅವನು ಮೇಲೆ ಮೇಲೆ ತುಂಬುತ್ತಲೇ ಇದ್ದ. ಅಂದರೆ ಹೊಳೆಯ ಮೇಲೆ ಹೊರಿಸಿದ ಆಪಾದನೆ ಸುಳ್ಳು. ಗಾಡಿ ತನ್ನ ನೀರನ್ನು ತಾನೇ ಕುಡಿಯುತ್ತಿತ್ತು.

"ಹೆಡ್ ಗ್ಯಾಸ್ಕೆಟ್ ಹೋಗೈತಿ" ಎಂದ ಜಂಬಣ್ಣ. ಇಂಜಿನ್ನಿನ ತಲೆಗೂ ಮೈಗೂ ನಡುವೆ ಕೂರಿಸುವ ತೆಳ್ಳನೆಯ ಹಾಳೆ ಅದು. ಸುಟ್ಟರೆ ಬೆಂಕಿ, ನೀರು, ಎಣ್ಣೆ ಮೂರೂ ಒಂದರ ಮನೆಗೆ ಒಂದು ನುಗ್ಗುತ್ತವೆ. ಕ್ರಾಂತಿಕುಮಾರ್ ಬೆಂಗಳೂರಿನ ಕಂಪನಿ ಆಫೀಸಿಗೆ ಫೋನು ಮಾಡಿದ. ಅಲ್ಲಿಯವರೂ ಗ್ಯಾಸ್ಕೆಟ್ಟೇ ಅಂದರು. ಇಂಜಿನ್ ಇಳಿಸಿ ಕಳಿಸಿ, ಎರಡು ತಿಂಗಳು ಬೇಕು, ಅಲ್ಲಿಯತನಕ ನಡೆದುಕೊಂಡು ಗುಡ್ಡ ಹತ್ತಿ ಅಂದರು. ಅವನ ಮುಖ ಸಣ್ಣದಾಯಿತು. ಜಂಬಣ್ಣ ಮಾತ್ರ ಹುರುಪಿನಲ್ಲಿ ಪಾನಾಗಳನ್ನು ಸಾಲಾಗಿ ಜೋಡಿಸತೊಡಗಿದ. ಹೊರದೇಶದ ಇಂಜಿನ್ನಿನ ಹೊಟ್ಟೆಯೊಳಗೆ ಏನಿದೆಯೆಂದು ನೋಡುವ ಆಸೆ ಅವನಿಗೆ ಹತ್ತು ದಿನದಿಂದ ಇತ್ತು.

ಪಕ್ಕೀರಮ್ಮ ಇನ್ನೂ ತಟ್ಟೆಯ ಮುಂದೆಯೇ ಕೂತಿದ್ದಳು. ಎಣ್ಣೆ ತಿಕ್ಕಿದಳು, ಮೂಸಿದಳು. ಮತ್ತೆ ಮೂಸಿದಳು.

"ಗ್ಯಾಸ್ಕೆಟ್ ಅಲ್ಲ ಅನಸ್ತೈತ್ರಿ."

"ಏನು?" ಜಂಬಣ್ಣನ ಹುಬ್ಬು ಗಂಟಿಕ್ಕಿತು.

"ಗ್ಯಾಸ್ಕೆಟ್ ಸುಟ್ಟ ಗಾಡಿ ಎಣ್ಣಿ ನಿಮ್ಮ ಕಡಿಂದನ ಎಷ್ಟು ಒಯ್ದೀನಿ. ಅದ್ರಾಗ ಹೊಗಿ ನಾತ ಇರತೈತಿ. ಸೀದ ಅನ್ನದಂಗ. ಇದಕ್ಕ ಆ ನಾತ ಇಲ್ಲ. ಈ ನೀರಿಗೆ ಬೆಂಕಿ ಹತ್ತೇ ಇಲ್ಲ. ತಣ್ಣಗ ಹಿತ್ತಲ ಬಾಗಿಲಿಂದ ಒಳಗ ಬಂದೈತಿ."

"ನಿನ್ನ ಮೂಗು ನಂಬಿ ನಾ ಇಂಜಿನ್ ಬಿಚ್ಚದ ಬಿಡಬೇಕೇನು?"

"ಬಿಚ್ರಿ. ಬಿಚ್ಚೋಕಿಂತ ಮುಂಚೆ ಒಮ್ಮೆ ನೋಡ್ರಿ ಅಂದೆ. ತಲಿ ತಗದ ಮ್ಯಾಲೆ ತಪ್ಪಾತು ಅಂದ್ರ ಕುಂದ್ರಸೋದು ಕಷ್ಟ."

ಸಿಟ್ಟು ಬಂದರೂ ಮಾತು ಸರಿಯಾಗಿತ್ತು. ಜಂಬಣ್ಣ ಪಾನಾ ಕೆಳಗಿಟ್ಟ. ಮೊದಲು ಪ್ಲಗ್ಗು ಬಿಚ್ಚಿ ನೋಡಿದ. ನೀರು ನುಗ್ಗಿದ್ದರೆ ಅದು ತೊಳೆದಂತೆ ಬೆಳ್ಳಗಿರಬೇಕಿತ್ತು. ಇದು ಒಣಗಿ, ಹದವಾದ ಕಂದು ಬಣ್ಣದಲ್ಲಿತ್ತು. ಪ್ಲಗ್ಗು ಕೂರಿಸಿ, ಕೆಟ್ಟರೆ ಕೆಡಲಿ ಎಂದು ಸ್ವಲ್ಪ ಹೊಸ ಆಯಿಲು ಹಾಕಿ, ರೇಡಿಯೇಟರಿನ ಬಾಯಿ ತೆರೆದಿಟ್ಟು ಒಂದು ಗಳಿಗೆ ಗಾಡಿ ಚಾಲೂ ಮಾಡಿಸಿದ. ಗ್ಯಾಸ್ಕೆಟ್ ಸುಟ್ಟಿದ್ದರೆ ನೀರಿನಲ್ಲಿ ಗುಳ್ಳೆ ಏಳಬೇಕು, ಹಿಂದೆ ಬಿಳಿ ಹೊಗೆ ಬರಬೇಕು. ಗುಳ್ಳೆ ಏಳಲಿಲ್ಲ. ಹೊಗೆಯೂ ಬರಲಿಲ್ಲ. ಜಂಬಣ್ಣ ಪಕ್ಕೀರಮ್ಮನ ಕಡೆ ನೋಡದೆ, "ಹೂಂ" ಎಂದ.

ಆಮೇಲೆ ಅವನ ತಲೆ ಓಡತೊಡಗಿತು. ಹಳೇ ರೇಡಿಯೇಟರ್ ಮುಚ್ಚಳವೊಂದಕ್ಕೆ ತೂತು ಕೊರೆದು, ಸೈಕಲ್ ಟ್ಯೂಬಿನ ವಾಲ್ವು ಕೂರಿಸಿ, ಅದನ್ನು ಗಾಡಿಗೆ ಬಿಗಿದ. ಇಂಜಿನ್ನಿನ ಅಡಿಯ ಆಯಿಲ್ ಬೋಲ್ಟು ಬಿಚ್ಚಿ ಇದ್ದಬದ್ದ ಎಣ್ಣೆಯೆಲ್ಲ ಬಸಿದು, ಕೆಳಗೆ ಮೈಲಮ್ಮನ ಅಂಗಡಿಯ ಒಂದು ಗಾಜಿನ ಲೋಟ ಇಟ್ಟ. ಪ್ಲಗ್ಗನ್ನೂ ಮತ್ತೆ ತೆಗೆದಿಟ್ಟ.

"ಇನ್ನ ಪಂಪ್ ಹೊಡಿಯಪಾ ಕ್ರಾಂತಿ. ಮೆಲ್ಲಕ! ಇದು ಲಾರಿ ಗಾಲಿ ಅಲ್ಲ."

ನೀರಿಗೆ ಒಳಗೆ ಒತ್ತಡ ಕೊಟ್ಟರೆ ಅದು ಓಡಿಹೋಗುವ ದಾರಿ ತಾನೇ ತೋರಿಸಬೇಕು, ಇದು ಜಂಬಣ್ಣನ ಲೆಕ್ಕ. ಕ್ರಾಂತಿಕುಮಾರ್ ಇಪ್ಪತ್ತು ಸಲ ಪಂಪು ಒತ್ತಿ ನಿಲ್ಲಿಸಿದ. ಏನೂ ಆಗಲಿಲ್ಲ. ಮೂವರೂ ಬಗ್ಗಿ ಲೋಟ ನೋಡುತ್ತ ಕೂತರು. ದಾರಿಯಲ್ಲಿ ಹೋಗುವವರು ಏನೋ ಬಿದ್ದಿದೆಯೆಂದು ನಿಂತು, ತಾವೂ ಬಗ್ಗಿದರು. ಮೈಲಮ್ಮ ತನ್ನ ಲೋಟಕ್ಕೆ ಏನಾಗುತ್ತಿದೆ ನೋಡಲು ಬಂದಳು.

"ಯವ್ವಾ, ಇದು ಹಸು ಹಿಂಡಿದಂಗ ಆತಲ್ಲ" ಎಂದಳು. "ಕರು ಬಿಡ್ರಿ, ಸೊರೆ ಬಿಡತೈತಿ."

ಒಂದು ಚಹಾ ಕುಡಿಯುವಷ್ಟು ಹೊತ್ತಾಯಿತು. ಬೋಲ್ಟಿನ ತೂತಿನ ಅಂಚಿನಲ್ಲಿ ಒಂದು ಹನಿ ಮೂಡಿತು. ದಪ್ಪವಾಯಿತು, ಜೋತಾಡಿತು, ಲೋಟಕ್ಕೆ ಬಿತ್ತು. ಎಣ್ಣೆ ಮೆತ್ತಿಕೊಂಡಿದ್ದರೂ ಹನಿಯ ನಡುವೆ ಹಸಿರು ಕಾಣುತ್ತಿತ್ತು. ಬಗ್ಗಿದ್ದವರೆಲ್ಲ "ಓ" ಎಂದರು. ಜಂಬಣ್ಣ ಬ್ಯಾಟರಿ ಹಾಕಿ ಪ್ಲಗ್ಗಿನ ತೂತಿನಿಂದ ಇಂಜಿನ್ನಿನ ತಲೆಯೊಳಗೆ ಇಣುಕಿದ. ಅಲ್ಲಿ ಒಂದು ತೇವವೂ ಇರಲಿಲ್ಲ.

"ತಲಿ ಒಣಗೈತಿ. ಕೆಳಗ ಹಸಿ ಐತಿ" ಎಂದು ಎದ್ದು ನಿಂತ. "ನೀರು, ಎಣ್ಣಿ ಎರಡೂ ನೆರಿ ಮನಿಯಾಗಿರೋದು ಇನ್ನೊಂದು ಜಾಗಾದಾಗ. ನೀರು ತಿರುಗಿಸೋ ಪಂಪು!"

ಆ ಪಂಪು ಇಂಜಿನ್ನಿನ ಪಕ್ಕಕ್ಕೆ, ಅಂಗೈಯಷ್ಟು ಜಾಗದಲ್ಲಿತ್ತು. ಮೇಲೆ ಬೆರಳು ದಪ್ಪ ಕೆಮ್ಮಣ್ಣು ಒಣಗಿ ಕೂತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದು, ಜಂಬಣ್ಣ ಅಡಿಯಲ್ಲಿ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಏನೋ ಗಂಟು ಐತಿ. ಕಂಪನ್ಯಾಗ ಮಾಡಿದ್ದಲ್ಲ ಇದು."

ಪಕ್ಕೀರಮ್ಮ ಅಂಗಾತ ಮಲಗಿ ಕೆಳಗಿನಿಂದ ನೋಡಿದಳು. ಕಡಲೆ ಕಾಳಿನಷ್ಟು ದೊಡ್ಡದಾದ, ಬೂದಿ ಬಣ್ಣದ ಗಟ್ಟಿ ಅಂಟು. ಅದನ್ನು ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಪ್ಲಾಸ್ಟಿಕ್ ಕೊಡ ಒಡೆದರೆ, ನೀರಿನ ಡ್ರಮ್ಮು ಸೋರಿದರೆ ಊರಿನ ಹೆಂಗಸರೆಲ್ಲ ಕಲಸಿ ಹಚ್ಚುವ ಅಂಟು ಅದು. ಅವಳ ಮನೆಯ ಎರಡು ಕೊಡಗಳಿಗೂ ಹಚ್ಚಿತ್ತು.

ಜಂಬಣ್ಣ ಸೂಜಿಯಂಥ ಕಡ್ಡಿಯಿಂದ ಅಂಟು ಕಿತ್ತ. ಅದರ ಹಿಂದೆ ಒಂದು ಸಣ್ಣ ತೂತಿತ್ತು. ತೂತು ತೆರೆದದ್ದೇ ತಡ, ಒತ್ತಡದಲ್ಲಿ ಸಿಕ್ಕಿಕೊಂಡಿದ್ದ ಹಸಿರು ನೀರು ಚಿರ‍್ರನೆ ಚಿಮ್ಮಿ ಪಕ್ಕೀರಮ್ಮನ ಟವೆಲ್ಲನ್ನು ನೆನೆಸಿತು.

ಅಲ್ಲಿಗೆ ಒಗಟು ಬಿಡಿಸಿದಂತಾಯಿತು. ಪಂಪಿನ ಒಳಗೆ ಎರಡು ಸೀಲು, ಒಂದು ನೀರನ್ನು ತಡೆಯಲು, ಇನ್ನೊಂದು ಎಣ್ಣೆಯನ್ನು ತಡೆಯಲು. ಎರಡರ ನಡುವಿನ ಜಾಗದಿಂದ ಹೊರಗೆ ಬೇಕೆಂದೇ ಒಂದು ತೂತು ಬಿಟ್ಟಿರುತ್ತಾರೆ. ನೀರಿನ ಸೀಲು ಸವೆದರೆ ನೀರು ಅಲ್ಲಿಂದ ಹೊರಗೆ ತೊಟ್ಟಿಕ್ಕಬೇಕು, ನೋಡಿದವರು ರಿಪೇರಿ ಮಾಡಿಸಬೇಕು. ಸೀಲು ಸವೆದಿತ್ತು. ನೀರು ತೊಟ್ಟಿಕ್ಕಿಯೂ ಇತ್ತು. ಯಾರೋ ಆ ತೂತನ್ನೇ ಮುಚ್ಚಿದ್ದರು. ಹೊರದಾರಿ ಬಂದಾದ ನೀರು ಎಣ್ಣೆಯ ಸೀಲನ್ನು ದಬ್ಬಿಕೊಂಡು ಇಂಜಿನ್ನಿನೊಳಗೆ ಇಳಿದಿತ್ತು.

"ಯಾರು ಮುಚ್ಚಿದ್ದು?" ಎಂದು ಜಂಬಣ್ಣ ಕ್ರಾಂತಿಕುಮಾರನತ್ತ ತಿರುಗಿದ.

"ನಾ ಅಲ್ಲ ಅಣ್ಣಾರೆ! ಗಾಡಿ ನಿಲ್ಲೋದು ಕ್ಯಾಂಪಿನ್ಯಾಗ. ಅಲ್ಲಿ ಇರೋದು ಓಬಳೇಶಪ್ಪ ಒಬ್ಬನ."

ಓಬಳೇಶಪ್ಪ ಗಾಳಿಯಂತ್ರ ಕಂಪನಿಯ ಕ್ಯಾಂಪಿನ ಕಾವಲುಗಾರ. ಮರುದಿನ ಬೆಳಿಗ್ಗೆ ಚಿಗಟೇರಿ ಬಸ್ಸಿಗೆ ಬಂದಿಳಿದ. ಗರಿಗರಿ ಪಂಚೆ, ಹಣೆಗೆ ವಿಭೂತಿ. ಗಾಡಿಯ ವಿಷಯ ಮಾತಾಡಬೇಕು ಬಾ ಎಂದು ಕರೆದದ್ದಕ್ಕೆ, ಸನ್ಮಾನಕ್ಕೆ ಬಂದವನಂತೆ ಬಂದಿದ್ದ.

"ಹೌದ್ರಿ, ನಾನ ಮುಚ್ಚಿದ್ದು" ಎಂದ ಕೇಳುವ ಮೊದಲೇ. "ನಾ ದಿನಾ ಸಾರಿಸಿದಂಗ ಅಂಗಳ ಕಸ ಹೊಡೀತೀನಿ. ಈ ಗಾಡಿ ಬಂದು ಹಸರು ಉಚ್ಚಿ ಹೊಯ್ಕೊಂತ ನಿಲ್ತಿತ್ತು. ಬಂಗಾರದಂಥ ಗಾಡಿ, ಸೋರಬಾರದು ಅಂತ ಹುಡುಕಿ ಹುಡುಕಿ ತೂತು ಮುಚ್ಚಿದೆ. ಅವತ್ತಿಂದ ಒಂದು ಹನಿ ಬಿದ್ದಿಲ್ಲ ನೋಡ್ರಿ. ಸಾಹೇಬ್ರಿಗೆ ಹೇಳ್ಬೇಕಂತಿದ್ದೆ, ಹೊಗಳಿಸಿಕೊಂಡಂಗ ಆಗ್ತೈತಿ ಅಂತ ಸುಮ್ಮನಿದ್ದೆ."

ಬೈಗುಳ ಜಂಬಣ್ಣನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಆ ಮುಖ ನೋಡಿದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕ್ರಾಂತಿಕುಮಾರ್ ಗಾಡಿಯ ಹಿಂದೆ ಹೋಗಿ ನಕ್ಕ. ನಡೆದದ್ದು ಏನೆಂದು ಗೊತ್ತಾಗುತ್ತಿದ್ದಂತೆ ಓಬಳೇಶಪ್ಪನ ಮುಖ ಇಳಿಯುತ್ತ ಬಂತು. "ಅಯ್ಯೋ ಶಿವನೇ" ಎಂದು ಬೇವಿನ ಬೇರಿನ ಮೇಲೆ ಕೂತುಬಿಟ್ಟ.

ಪಕ್ಕೀರಮ್ಮನಿಗೆ ನಗು ಬರಲಿಲ್ಲ. ಕೋಗಳಿಯ ಮನೆಯ ಚಕ್ಕೆ ಎದ್ದ ಮಾಳಿಗೆ ಅವಳ ಕಣ್ಣಿಗೆ ಕಟ್ಟಿತು. ಅವಳೂ ಒಳ್ಳೆಯದಾಗಲೆಂದೇ ಆ ಎಣ್ಣೆ ಹೊತ್ತು ತಂದಿದ್ದಳು.

"ಬಿಡ್ರಿ ಅಣ್ಣಾ" ಎಂದಳು. "ಈ ತೂತು ಯಾಕೈತಿ ಅಂತ ನಿಮಗ ಯಾರು ಹೇಳಿದ್ರು? ಡಿಪ್ಲೊಮಾ ಓದಿದಂವ ಒಂದು ತಿಂಗಳು ನೀರು ತುಂಬಿದ, ಅಂವಗ ಗೊತ್ತಾಗಿಲ್ಲ. ನಗಬ್ಯಾಡೋ ಕ್ರಾಂತಿ, ನಿನಗೂ ಸೇರಿಸಿ ಹೇಳಾಕತ್ತೀನಿ."

ಗಾಡಿಯ ಹಿಂದಿನ ನಗು ನಿಂತಿತು. ಮೈಲಮ್ಮ ಓಬಳೇಶಪ್ಪನಿಗೆ ಕೇಳದೆಯೇ ಚಹಾ ತಂದುಕೊಟ್ಟಳು.

ಸ್ಪೇರ್ ಸೀಲುಗಳು ಬೆಂಗಳೂರಿನಿಂದ ಬಸ್ಸಿನಲ್ಲಿ ಬರಲು ಒಂದು ವಾರ ಹಿಡಿಯಿತು. ಜಂಬಣ್ಣ ಕೈ ತೊಳೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಎರಡನ್ನೂ ಕೂರಿಸಿದ. ಆ ಸಣ್ಣ ತೂತನ್ನು ಮಾತ್ರ ಮೂರು ಸಲ ಊದಿ ನೋಡಿದ. ಇಂಜಿನ್ನಿನ ಒಳಗೆ ಮೆತ್ತಿದ್ದ ಕೆನೆಯಂಥದ್ದು ಹೋಗಲೆಂದು ಹೊಸ ಆಯಿಲು ತುಂಬಿ, ಸ್ವಲ್ಪ ಹೊತ್ತು ಓಡಿಸಿ ಇಳಿಸಿ, ಮತ್ತೆ ತುಂಬಿ, ಹೀಗೆ ಮೂರು ಬಾರಿ ಮಾಡಿದರು. ನಾಲ್ಕನೆಯ ಬಾರಿ ತುಂಬಿದ ಮೇಲೆ ಕ್ರಾಂತಿಕುಮಾರ್ ಕೂಡ್ಲಿಗಿತನಕ ಹೋಗಿ ಬಂದ. ಕಡ್ಡಿಯ ತುದಿಯ ಎಣ್ಣೆಯನ್ನು ಪಕ್ಕೀರಮ್ಮ ಸೌಟಿಗೆ ಇಳಿಸಿ ಸ್ಟೋವಿನ ಮೇಲೆ ಹಿಡಿದಳು. ಜಂಬಣ್ಣ, ಕ್ರಾಂತಿಕುಮಾರ್, ಮೈಲಮ್ಮ, ಅಂಗಡಿಯಲ್ಲಿದ್ದ ಗಿರಾಕಿಗಳು, ಎಲ್ಲರೂ ಸೌಟಿನತ್ತ ಬಗ್ಗಿದರು. ಎಣ್ಣೆ ಕಾದಿತು. ತೆಳ್ಳಗೆ ಹೊಗೆ ಎದ್ದಿತು. ಸದ್ದು ಬರಲಿಲ್ಲ.

"ಸುಮ್ಮನಾತು" ಎಂದಳು ಪಕ್ಕೀರಮ್ಮ. ಜಂಬಣ್ಣ ಎಲ್ಲರಿಗೂ ಚಹಾ ಹೇಳಿದ. ಮೂವತ್ತು ವರ್ಷದಲ್ಲಿ ಅದೇ ಮೊದಲೆಂದು ಮೈಲಮ್ಮ ಹೇಳುತ್ತಾಳೆ, ಜಂಬಣ್ಣ ಒಪ್ಪುವುದಿಲ್ಲ.

ಅದಾದ ಮೇಲೆ ಜಂಬಣ್ಣ ಯಾವ ಇಂಜಿನ್ನಿನ ತಲೆ ಬಿಚ್ಚುವ ಮೊದಲೂ ಒಂದು ಬಾಟಲಿಯಲ್ಲಿ ಎಣ್ಣೆ ಹಿಡಿದಿಟ್ಟು ಶುಕ್ರವಾರದತನಕ ಕಾಯತೊಡಗಿದ. ಗಿರಾಕಿ ಅವಸರ ಮಾಡಿದರೆ, "ಡಾಕ್ಟರು ರಕ್ತ ನೋಡದ ಹೊಟ್ಟಿ ಕೊಯ್ತಾರೇನು?" ಎಂದು ಗದರಿಸುತ್ತಿದ್ದ. ನೋಡುವುದು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಮಾತಿದೆ. ದೀಪಾವಳಿ ಕಳೆದು ಒಂದು ಮುಂಜಾನೆ ಕ್ರಾಂತಿಕುಮಾರ್ ಪಕ್ಕೀರಮ್ಮನನ್ನು ಗಾಳಿಯಂತ್ರ ನೋಡಲೆಂದು ಆ ಗಾಡಿಯ ಹಿಂದೆ ಕೂರಿಸಿಕೊಂಡು ಗುಡ್ಡ ಹತ್ತಿಸಿದ. ಮೊದಲ ದಿಣ್ಣೆಗೆ ಅವಳು ಕಣ್ಣು ಮುಚ್ಚಿ ಅವನ ಬೆನ್ನಿನ ಶರ್ಟು ಹಿಡಿದಳು. ಎರಡನೆಯದಕ್ಕೆ ಒಂದು ಕಣ್ಣು ತೆರೆದಳು. ಮೂರನೆಯದಕ್ಕೆ, "ಜೋರು ಬಿಡೋ, ಎತ್ತಿನ ಗಾಡಿ ಹೊಡ್ದಂಗ ಹೊಡೀತಿಯಲ್ಲ!" ಎಂದಳು. ಮೇಲೆ ಗಾಳಿ ಸೆರಗನ್ನು ಕಿತ್ತುಕೊಳ್ಳುತ್ತಿತ್ತು. ತಲೆಯ ಮೇಲೆ ಮೂರು ರೆಕ್ಕೆಗಳು ನಿಧಾನಕ್ಕೆ, ಆಕಾಶವನ್ನು ಕೊಯ್ಯುವ ಹಾಗೆ ತಿರುಗುತ್ತಿದ್ದವು. ಅವಳು ಕತ್ತು ಹಿಂದಕ್ಕೆ ಚಾಚಿ ಬಹಳ ಹೊತ್ತು ನೋಡಿದಳು.

"ಕ್ರಾಂತಿ, ಅಷ್ಟು ದೊಡ್ಡದು ತಿರುಗಬೇಕಂದ್ರ ಒಳಗ ಗೇರು ಇರಬೇಕಲ್ಲ?"

"ಐತಿ ಯಕ್ಕಾ. ಮ್ಯಾಲೆ ಪೆಟ್ಟಿಗ್ಯಾಗ."

"ಗೇರಿಗೆ ಎಣ್ಣಿ?"

"ಇನ್ನೂರು ಲೀಟರ್ ಮ್ಯಾಲ ಹಿಡಿತೈತಿ. ಒಂದೊಂದಕ್ಕೂ."

ಪಕ್ಕೀರಮ್ಮ ತಲೆ ಇಳಿಸಿ, ಗುಡ್ಡದ ಸಾಲಿನುದ್ದಕ್ಕೂ ತಿರುಗುತ್ತಿದ್ದ ಯಂತ್ರಗಳನ್ನು ಬೆರಳು ತೋರಿಸಿ ಎಣಿಸತೊಡಗಿದಳು. ಹನ್ನೆರಡಕ್ಕೆ ನಿಲ್ಲಿಸಿ ಅವನ ಕಡೆ ನೋಡಿದಳು.

"ಎಣ್ಣಿ ಬದಲಿ ಮಾಡೋದು ಯಾವಾಗ?"